ಕೋಡಿಂಗ್‌ಗೆ ಮುಂಚಿನ ಲೆಕ್ಕ



ಪುಣೆಯ ಕಾಲೇಜೊಂದರಲ್ಲಿ ನಾನು ಡಿಸ್ಕ್ರೀಟ್ ಗಣಿತ ಕಲಿಸುತ್ತೇನೆ. "ಮಗಳು ಸೇರಿದ್ದು ಕಂಪ್ಯೂಟರ್ ಸೈನ್ಸ್, ಮತ್ತೆ ಗಣಿತ ಯಾಕ್ರೀ?" ಎಂದು ನಿಮ್ಮಲ್ಲೇ ಹಲವರು ಕೇಳಿದ್ದೀರಿ.

ಅಕಾರಾದಿಯಾಗಿ ಜೋಡಿಸಿದ 10 ಲಕ್ಷ ಹೆಸರುಗಳಲ್ಲಿ ಒಂದನ್ನು ಹುಡುಕಬೇಕು ಅನ್ನಿ. ಮೊದಲಿನಿಂದ ಒಂದೊಂದೇ ನೋಡುತ್ತ ಹೋದರೆ 10 ಲಕ್ಷ ಸಲವೂ ನೋಡಬೇಕಾದೀತು. ನಟ್ಟನಡುವಿನ ಹೆಸರು ನೋಡಿ, ಬೇಡದ ಅರ್ಧ ಬಿಟ್ಟು, ಉಳಿದುದರ ನಡುವೆ ಮತ್ತೆ ನೋಡಿದರೆ? ಹೆಚ್ಚೆಂದರೆ 20 ಸಲ! 20 ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 10,48,576 ಬರುತ್ತದೆ, ಅದಕ್ಕೇ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ಲಾಗರಿದಂ ಇದೇ. ಪ್ರೋಗ್ರಾಂ ಬರೆಯುವುದು ಆಮೇಲಿನ ಮಾತು. ಯಾವ ದಾರಿ ಹತ್ತಿರದ್ದು ಎಂದು ತೋರಿಸುವುದು ಗಣಿತ.

ಬೇಕಾದದ್ದು ತರ್ಕ, ಗಣಗಳು, ಸಂಭವನೀಯತೆ, ಎಣಿಕೆ. ಎಣಿಕೆ ನಮಗೇನೂ ಹೊಸದಲ್ಲ. ಹತ್ತು ಜನರಲ್ಲಿ ಮೂವರನ್ನು 120 ಬಗೆಯಲ್ಲಿ ಆರಿಸಬಹುದು. ಇಂಥ ಲೆಕ್ಕಕ್ಕೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಸೂತ್ರವನ್ನೇ ಕೊಟ್ಟಿದ್ದಾರೆ.

ನನ್ನ ಕಳವಳ ಬೇರೆ. ಬುದ್ಧಿವಂತ ಹುಡುಗಿಯರು ಮೊದಲ ಪರೀಕ್ಷೆಯಲ್ಲಿ ಅಂಕ ಕಡಿಮೆಯಾದೊಡನೆ, "ಮೇಡಂ, ನಮ್ಮಮ್ಮನಿಗೂ ಮ್ಯಾಥ್ಸ್ ಬರ್ತಿರಲಿಲ್ಲವಂತೆ" ಎಂದು ಪೆನ್ನು ಕೆಳಗಿಡುತ್ತಾರೆ. (ಹುಡುಗರು ಅಪ್ಪನ ಹೆಸರು ಹೇಳಿದ್ದನ್ನು ನಾನಂತೂ ಕೇಳಿಲ್ಲ!) ನೀವು ತಮಾಷೆಗೆ ಆಡಿದ್ದನ್ನು ಅವರು ವಂಶದಲ್ಲೇ ಬಂದದ್ದೆಂದು ನಂಬಿಬಿಟ್ಟಿರುತ್ತಾರೆ. ಆ ಮಾತೊಂದನ್ನು ದಯವಿಟ್ಟು ಬಿಡಿ. ಬದಲಿಗೆ ಮನೆಯಲ್ಲಿರುವ ನಿಘಂಟು ತೆಗೆದು, ಅರ್ಧರ್ಧ ಬಿಡುತ್ತ ಒಂದು ಪದವಿರುವ ಪುಟ ಹುಡುಕಲು ಮಗಳಿಗೆ ಹೇಳಿ, ಎಣಿಸುವವರು ನೀವಾಗಿ. ಸಾವಿರ ಪುಟವಿದ್ದರೂ ಹತ್ತು ದಾಟುವುದಿಲ್ಲ.