ಪಾರ್ಶ್ವವಾಯು: ಚೇತರಿಕೆ ಮತ್ತು ಮರುಕಳಿಕೆಯ ತಡೆ



ಲಕ್ವ ಹೊಡೆದಾಗ ಸೋಲುವುದು ಕೈಕಾಲು. ಪೆಟ್ಟು ಬಿದ್ದಿರುವುದು ಮಿದುಳಿಗೆ. ಅಲ್ಲಿನ ರಕ್ತನಾಳ ಮುಚ್ಚುವುದು ಇಲ್ಲವೇ ಒಡೆಯುವುದೇ ಇದಕ್ಕೆ ಕಾರಣ. ಆದುದರಿಂದ ಎಣ್ಣೆ ತಿಕ್ಕಿದ ಮಾತ್ರಕ್ಕೆ ಅದು ವಾಸಿಯಾಗದು.

ಚೇತರಿಕೆಗೆ ಮೊದಲ ಕೆಲವು ತಿಂಗಳುಗಳು ಅಮೂಲ್ಯ. ಫಿಸಿಯೋಥೆರಪಿಯಲ್ಲಿ ಕಲಿಸಿದ ವ್ಯಾಯಾಮವನ್ನು ಮನೆಯವರು ದಿನವೂ ಮಾಡಿಸಬೇಕು. ರೋಗಿಯು ತಾನೇ ತುತ್ತೆತ್ತಲು, ಗುಂಡಿ ಹಾಕಿಕೊಳ್ಳಲು ಯತ್ನಿಸುವಾಗ ತಾಳ್ಮೆಯಿಂದ ಕಾಯಬೇಕು. ಅಕ್ಕರೆಯಿಂದ ಎಲ್ಲವನ್ನೂ ಮಾಡಿಕೊಟ್ಟರೆ ಸೋತ ಕೈ ಮತ್ತೆ ಕಲಿಯದು.

ರೋಗಿ ನಡೆಯತೊಡಗಿದಾಗಲೇ ಮನೆಯವರು ಎಚ್ಚರ ತಪ್ಪುವುದುಂಟು. ಗುಣವಾಯಿತೆಂದು ಮಾತ್ರೆ ನಿಲ್ಲಿಸಿದರೆ ಎರಡನೆಯ ಆಘಾತದ ಅಪಾಯ ಹೆಚ್ಚುತ್ತದೆ. ರಕ್ತದೊತ್ತಡವು ಸಾಮಾನ್ಯವಾಗಿ ನೋವು ಕೊಡದು. ಅಳೆದರೆ ಮಾತ್ರ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಉಚಿತ. ವೈದ್ಯರು ಹೇಳದೆ ಔಷಧ ಬಿಡಬಾರದು. ಬೀಡಿ, ಹೊಗೆಸೊಪ್ಪು, ಮದ್ಯ ತೊರೆಯಬೇಕು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಆ ಲೆಕ್ಕಕ್ಕೆ ಸೇರುತ್ತದೆ.

ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು, ಅದು ಮುನ್ಸೂಚನೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಲಕ್ಷಣ ಕಂಡ ಸಮಯವನ್ನು ನೆನಪಿಟ್ಟು ವೈದ್ಯರಿಗೆ ತಿಳಿಸುವುದು ಮನೆಯವರ ಮೊದಲ ಕರ್ತವ್ಯ.