ಚೆಕ್ ಬರೆದಿಟ್ಟರೆ ಸಾಲದು, ಕೌಂಟರಿಗೆ ಒಯ್ಯಬೇಕು

(ಗಡಿನಾಡಿನ ಗೆಳೆಯರ ಕೂಟದಲ್ಲಿ ಆಡಿದ ಮಾತಿನ ಬರಹರೂಪ)

ನಾನು ವಕೀಲನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿರುವವನು. ಹಾಗಾಗಿ ಸಂವಿಧಾನದ ಮಾತನ್ನೂ ಚೆಕ್ಕಿನಿಂದಲೇ ಶುರು ಮಾಡ್ತೇನೆ.

ನಮ್ಮ ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅವರು ನಿರ್ದೇಶಕ ತತ್ವಗಳನ್ನು, ಬ್ಯಾಂಕಿಗೆ ಅನುಕೂಲವಾದಾಗ ಮಾತ್ರ ಹಣ ಸಿಗುವ ಚೆಕ್ಕಿಗೆ ಹೋಲಿಸಿದ್ದರು. ಆ ತತ್ವಗಳ ಮಾದರಿ ಬಂದದ್ದು ಐರ್ಲೆಂಡಿನ 1937ರ ಸಂವಿಧಾನದಿಂದ. ಅಲ್ಲೂ ಅವುಗಳಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಆದರೆ ಅದೇ ಸಂವಿಧಾನದ ಬೇರೆ ವಿಧಿಗಳ ಕಥೆ ಬೇರೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಐರ್ಲೆಂಡಿಗೆ 1922ರಲ್ಲೇ ಒಂದು ಸಂವಿಧಾನ ಇತ್ತು. ಮೊದಲ 8 ವರ್ಷ ಅದನ್ನು ಸಂಸತ್ತು ಜನಮತವಿಲ್ಲದೆ, ಸಾಮಾನ್ಯ ಕಾಯ್ದೆಯಿಂದಲೇ ತಿದ್ದಬಹುದಿತ್ತು. 1929ರಲ್ಲಿ ಆ 8ನ್ನೇ 16 ಅಂತ ತಿದ್ದಿಕೊಂಡರು! 1931ರಲ್ಲಿ ಸೇನಾಧಿಕಾರಿಗಳ ನ್ಯಾಯಮಂಡಳಿಯನ್ನೂ ಸಂವಿಧಾನದೊಳಗೆ ತಂದರು. ಅದು ಮರಣದಂಡನೆ ಕೂಡ ಕೊಡಬಹುದಿತ್ತು. 1934ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಇಬ್ಬರು ನ್ಯಾಯಾಧೀಶರು ಸರಿ ಅಂದರು. ಒಪ್ಪದೇ ಉಳಿದವರು ಮುಖ್ಯ ನ್ಯಾಯಾಧೀಶ ಹ್ಯೂ ಕೆನಡಿ ಒಬ್ಬರೇ. ಆ ಸಂವಿಧಾನದ ಕರಡು ಮಾಡಿದವರಲ್ಲಿ ಅವರೂ ಇದ್ದರು. ಮನೆಗೆ ಬೀಗ ಇತ್ತು, ಕೀಲಿಕೈ ಸರ್ಕಾರದ ಜೇಬಲ್ಲಿತ್ತು.

1937ರ ಸಂವಿಧಾನದಲ್ಲಿ ಆ ಕೀಲಿಕೈ ಜನರ ಕೈಗೆ ಬಂತು. ಶುರುವಿನ ಸ್ವಲ್ಪ ಕಾಲ ಬಿಟ್ಟರೆ, ಜನಮತವಿಲ್ಲದೆ ತಿದ್ದುವಂತಿಲ್ಲ. ಭಾಷೆಯ ಬಗ್ಗೆಯೂ ಎರಡು ಗಟ್ಟಿ ಮಾತು ಅದರಲ್ಲಿವೆ. ಐರಿಷ್ ಮೊದಲ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಮಸೂದೆಗೆ ಒಂದೇ ಭಾಷೆಯಲ್ಲಿ ಸಹಿ ಬಿದ್ದರೆ, ಇನ್ನೊಂದು ಭಾಷೆಯಲ್ಲಿ ಅಧಿಕೃತ ಅನುವಾದ ಹೊರಡಿಸಲೇಬೇಕು.

ಬರೆದದ್ದು ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟೋ ಕಾಯ್ದೆಗಳ ಐರಿಷ್ ಅನುವಾದ ಬರಲೇ ಇಲ್ಲ. ಕೊನೆಗೆ ಕೇಳಿದವನು ಯಾವ ಹೋರಾಟಗಾರನೂ ಅಲ್ಲ, ಕುಡಿದು ಗಾಡಿ ಓಡಿಸಿದ ಆರೋಪ ಹೊತ್ತ ಒಬ್ಬ ಮನುಷ್ಯ. ನನ್ನ ವಿಚಾರಣೆ ಐರಿಷ್‌ನಲ್ಲಿ ಆಗಲಿ, ನನ್ನ ಮೇಲೆ ಹಾಕಿದ 1994, 1995ರ ರಸ್ತೆ ಸಂಚಾರ ಕಾಯ್ದೆಗಳನ್ನು ಐರಿಷ್‌ನಲ್ಲಿ ಕೊಡಿ ಅಂದ. ಕೊಡಲು ಅನುವಾದವೇ ಇರಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್, ಅನುವಾದ ಕೊಡುವುದು ಸರ್ಕಾರದ ಸಾಂವಿಧಾನಿಕ ಕರ್ತವ್ಯ ಅಂತ ಸಾರಿತು. 2003ರಲ್ಲಿ ಅಧಿಕೃತ ಭಾಷೆಗಳ ಕಾಯ್ದೆ ಬಂತು, ದೂರು ಕೇಳಲು ಭಾಷಾ ಆಯುಕ್ತರೂ ಬಂದರು.

ಹಾಗಂತ ಕೋರ್ಟು ಎಲ್ಲವನ್ನೂ ಕೊಡುತ್ತದೆ ಅಂದುಕೊಳ್ಳಬೇಡಿ. ಗಾಲ್ವೇ ಕಡೆಯ, ಐರಿಷ್ ಮಾತಾಡುವ ಪ್ರದೇಶದ ಆರೋಪಿಯೊಬ್ಬ ಎರಡೂ ಭಾಷೆ ಬಲ್ಲ ಜ್ಯೂರಿ ಬೇಕು ಅಂತ ಕೇಳಿದ. 2014ರಲ್ಲಿ ಕೋರ್ಟು 4-1ರಿಂದ ಆಗದು ಅಂದಿತು. ಭಾಷೆ ನೋಡಿ ಆರಿಸಿದರೆ ಬಹಳಷ್ಟು ಜನ ಜ್ಯೂರಿಯಿಂದ ಹೊರಗುಳಿಯುತ್ತಾರೆ ಅನ್ನುವುದು ಬಹುಮತದ ವಾದ. ಭಿನ್ನಮತ ಬರೆದವರು ನ್ಯಾಯಮೂರ್ತಿ ಏಡ್ರಿಯನ್ ಹಾರ್ಡಿಮನ್. ದೇಶದ ಮೊದಲ ಭಾಷೆಗೇ ಹೀಗಾದರೆ, ಅಲ್ಪಸಂಖ್ಯಾತ ಭಾಷೆಯವರು ಎಷ್ಟು ಎಚ್ಚರವಾಗಿರಬೇಕು, ಯೋಚಿಸಿ.

ನಮಗೂ ಒಂದು ಚೆಕ್ ಇದೆ. ನಮ್ಮ ಸಂವಿಧಾನದ 350ನೇ ವಿಧಿಯ ಪ್ರಕಾರ, ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಇದು ನಿರ್ದೇಶಕ ತತ್ವಗಳ ಭಾಗದಲ್ಲಿ ಇಲ್ಲ, ನೆನಪಿರಲಿ. ಮುಂದಿನ ಸಲ ತಾಲೂಕು ಕಚೇರಿಗೆ ಹೋಗುವಾಗ ಮನವಿ ಕನ್ನಡದಲ್ಲಿ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಕು ಸಮೇತ ಸೀಲ್ ಹಾಕಿಸಿಕೊಳ್ಳಿ. ತಗೊಳ್ಳೋದಿಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ನಾಳೆ ಯಾವುದಾದರೂ ಕೋರ್ಟು ಕೇಳಿದರೆ ತೋರಿಸಲು ಕೈಯಲ್ಲಿ ಕಾಗದ ಬೇಕು. ಕೌಂಟರಿನ ಈಚೆ ಕೂತವನಾಗಿ ಇದೊಂದು ಮಾತು ಧೈರ್ಯವಾಗಿ ಹೇಳಬಲ್ಲೆ.