ಮೇಲಿಂದ ಬರುವವನೂ ಕೆಮ್ಮಿ ಬರಲಿ
(ಮಹದೇವಪುರದಲ್ಲಿ ಮಾಡಿದ ಭಾಷಣ)

ನಾವು ಯಂತ್ರದ್ವೇಷಿಗಳಲ್ಲ, ಗಿರಣಿಯ ಯಂತ್ರದಿಂದಲೇ ನಮ್ಮ ಅನ್ನ. 2022ರ ಸೆಪ್ಟೆಂಬರಿನಲ್ಲಿ ಈ ಭಾಗದ ಬಡಾವಣೆಗಳಿಗೆ ಮಳೆನೀರು ನುಗ್ಗಿತು. ಅಂತಹ ದಿನ ಕ್ಯಾಮೆರಾ ಹೊತ್ತ ಡ್ರೋನ್ ಮೇಲೆ ಹಾರಿ ದಾರಿ ತೋರಿಸಲಿ, ಬೇಡವೆನ್ನೆವು. ಆದರೆ ಅದೇ ಕಣ್ಣು ಸೂರಿಲ್ಲದ ಬಚ್ಚಲಿನ ಮೇಲೆ ನಿಂತರೆ? ಬಂಗಲೆಯವರಿಗೆ ಗೋಡೆಯುಂಟು, ಪರದೆಯುಂಟು. ಕಟ್ಟಡ ಕೆಲಸದ ಶೆಡ್ಡಿನ ತಾಯಿಗೆ ನಾಲ್ಕು ತಗಡೇ ಮರೆ. ಮೇಲೆ ಬರೀ ಆಕಾಶ.

ಮಾನವು ಸಿರಿವಂತರ ಸೊತ್ತಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ದಿವಂಗತ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ಅದು ಉಳ್ಳವರ ಚಿಂತೆಯೆಂಬ ವಾದ ಅಲ್ಲಿ ನಿಲ್ಲಲಿಲ್ಲ. 2021ರ ಡ್ರೋನ್ ನಿಯಮಗಳು ಯಂತ್ರಕ್ಕೆ ನೋಂದಣಿ ಸಂಖ್ಯೆ ಬೇಕೆಂದವು. ಸರಿಯೇ. ಆದರೆ ನೂರು ಅಡಿ ಮೇಲಿನ ಸಂಖ್ಯೆಯನ್ನು ನೆಲದ ಮೇಲೆ ನಿಂತವರು ಓದುವುದೆಂತು?

ಆದ್ದರಿಂದ ತಯಾರಿಸುವವರನ್ನೇ ಕೇಳೋಣ. ಬಸ್ಸಿಗೆ ಬಣ್ಣವಿರುವಂತೆ ಇದಕ್ಕೂ ಇರಲಿ: ಪೊಲೀಸಿನದೊಂದು, ಸರ್ವೆಯದೊಂದು, ಖಾಸಗಿಯವರದೊಂದು. ಚಿತ್ರ ಹಿಡಿಯುವಾಗ ಕೆಂಪು ದೀಪ ಉರಿಯಲಿ. ಮನೆ ಅಳೆಯಲು ಬಂದ ಕ್ಯಾಮೆರಾ ಮನುಷ್ಯರ ಮುಖವನ್ನು ತನ್ನೊಳಗೇ ಮಸುಕು ಮಾಡಲಿ. ಕೆಲಸ ಮುಗಿದೊಡನೆ ಬೇಡದ ಚಿತ್ರ ಅಳಿಯಲಿ. ಹಾರುವ ದಿನ, ವೇಳೆಯನ್ನು ಬೀದಿಯವರಿಗೆ ಮುಂಚೆಯೇ ತಿಳಿಸಲಿ. ಮುಖ ಮಸುಕು ಮಾಡುವ ವಿದ್ಯೆ ಹೊಸದಲ್ಲ. ಬೀದಿಯ ಚಿತ್ರ ತೋರಿಸುವ ಗೂಗಲ್ ನಕ್ಷೆಯಲ್ಲಿ ಅದು ಆಗಲೇ ಇದೆ. ಬೇಕಾದುದು ಮನಸ್ಸು.

ಅನ್ಯರ ಅಂಗಳಕ್ಕೆ ಬರುವವನು ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಮೇಲಿಂದ ಬರುವವನೂ ಕೆಮ್ಮಿ ಬರಲಿ. ನಮ್ಮ ಬೇಡಿಕೆ ಇಷ್ಟೇ.